ತುಂಬೆಯಲ್ಲಿ ಎಷ್ಟು ಮೀಟರ್ ಇದೆ? ಮಂಗಳೂರಿನ ನೀರು, ಕೆರೆ, ಪಾರ್ಕುಗಳ ಹಿಂದಿನ ಕಥೆ

ಮಾರ್ಚ್ ಮುಗಿಯುತ್ತಾ ಬಂತೆಂದರೆ ಮಂಗಳೂರಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ನಗರಕ್ಕೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ಈಗ ನೀರು ಎಷ್ಟು ಮೀಟರ್? ಐದರ ಮೇಲಿದ್ದರೆ ಸಮಾಧಾನ. ನಾಲ್ಕಕ್ಕೆ ಇಳಿದರೆ ಅಪಾರ್ಟ್‌ಮೆಂಟ್‌ಗಳ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಗಡಿಬಿಡಿ, ಅದಕ್ಕೂ ಕೆಳಗೆ ಹೋದರೆ ಟ್ಯಾಂಕರ್‌ನವರ ನಂಬರ್ ಹುಡುಕಾಟ. ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರು ಇದು. ಇಷ್ಟು ಮಳೆ ಬಂದೂ ಮೇ ತಿಂಗಳಲ್ಲಿ ನಲ್ಲಿ ಒಣಗುತ್ತದೆ ಅಂದರೆ ಘಟ್ಟದ ಮೇಲಿನವರು ನಂಬುವುದೇ ಇಲ್ಲ.

ಮಳೆ ಮೊದಲಿನ ಹಾಗಿಲ್ಲ ಅಂತ ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ನನಗೆ ಅನಿಸುವುದು ಬೇರೆ. ಈ ಊರು ಒಂದೊಂದೇ ತೀರ್ಮಾನ ಮಾಡುತ್ತಾ ಹತ್ತಿರದ ನೀರನ್ನು ಕೈಬಿಟ್ಟಿತು, ದೂರದ ನೀರಿಗೆ ಜೋತುಬಿತ್ತು. ಯಾರೂ ಕೂತು ಹಾಗೆ ಪ್ಲಾನ್ ಮಾಡಿದ್ದಲ್ಲ, ಆಯಾ ಕಾಲಕ್ಕೆ ಯಾವುದು ಸುಲಭವೋ ಅದನ್ನು ಮಾಡಿದರು ಅಷ್ಟೇ.

ಮೊದಲು ಇಲ್ಲಿ ಮನೆಗೊಂದು ಬಾವಿ. ಕೆಳಗೆ ಮುರಕಲ್ಲು, ಮೈತುಂಬಾ ತೂತು. ಮಳೆ ಬಿದ್ದ ಕೂಡಲೇ ಕುಡಿಯುತ್ತದೆ, ಆದರೆ ಹಿಡಿದಿಟ್ಟುಕೊಳ್ಳುವುದಿಲ್ಲ. ಗುಡ್ಡದ ಮೇಲೆ ಬಿದ್ದ ನೀರು ಕಡಲಿನ ಕಡೆ ಜಾರುತ್ತಲೇ ಇರುತ್ತದೆ. ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗುಡ್ಡದ ತಗ್ಗಿನಲ್ಲಿ ಒಂದು ಬದಿಗೆ ಒಡ್ಡು ಕಟ್ಟಿ ಮದಕ ಮಾಡುತ್ತಿದ್ದರು. ಮಳೆ ಮುಗಿದ ಮೇಲೆ ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡಲಾಗಿ ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುತ್ತಿದ್ದರು. ಬೈಲಿನ ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲುತ್ತಿತ್ತು, ಅದರ ಪಕ್ಕದ ಬಾವಿ ಮೇ ತಿಂಗಳಲ್ಲೂ ಬತ್ತುತ್ತಿರಲಿಲ್ಲ. ಈಗ ಗದ್ದೆಗೆ ಮಣ್ಣು ತುಂಬಿಸಿ ಸೈಟ್ ಮಾಡಿದ್ದೇವೆ. ಗದ್ದೆ ಹೋದ ಮೇಲೆ ಕಟ್ಟ ಕಟ್ಟುವವರು ಯಾರು?

ಊರು ಬೆಳೆದಂತೆ ನಗರದವರು ನೇತ್ರಾವತಿಯ ಕಡೆ ನೋಡಿದರು. ಬಂಟ್ವಾಳದ ಈಚೆಗೆ ತುಂಬೆಯಲ್ಲಿ ಕಿಂಡಿ ಅಣೆಕಟ್ಟು ಬಂತು. ಇದು ಕೆಆರ್‌ಎಸ್ ತರಹದ ಡ್ಯಾಂ ಅಲ್ಲ. ಮಳೆಗಾಲದಲ್ಲಿ ಬಾಗಿಲು ತೆರೆದಿರಬೇಕು, ಇಲ್ಲವಾದರೆ ನೆರೆ ತಡೆಯಲಿಕ್ಕೆ ಆಗದು. ಮಳೆ ನಿಂತು ಹೊಳೆಯ ಹರಿವು ಇಳಿದ ಮೇಲೆ ಬಾಗಿಲು ಹಾಕಿ ಸಿಕ್ಕಷ್ಟು ನೀರು ಹಿಡಿಯುವುದು. ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವ ಆ ಭಾರೀ ನೀರೆಲ್ಲ ಸೀದಾ ಕಡಲಿಗೆ. ನಮಗೆ ಸಿಗುವುದು ಕೊನೆಯ ಹರಿವು ಮಾತ್ರ. ನಗರಕ್ಕೆ ದಿನಕ್ಕೆ ಸುಮಾರು 160 ದಶಲಕ್ಷ ಲೀಟರ್ ಇಲ್ಲಿಂದಲೇ ಹೋಗುತ್ತದೆ.

ಹಳೆಯ ಅಣೆಕಟ್ಟಿನಲ್ಲಿ ನಾಲ್ಕು ಮೀಟರ್ ನೀರು ನಿಲ್ಲುತ್ತಿತ್ತು. 2016ರ ಬೇಸಿಗೆಯಲ್ಲಿ ಅದು ಸಾಲದೆ ಹೋಯಿತು. ಮೇಲಿನ ಶಂಭೂರಿನ ವಿದ್ಯುತ್ ಯೋಜನೆಯ ಅಣೆಕಟ್ಟಿನಿಂದ ನೀರು ಬಿಡಿಸಿಕೊಂಡು ದಿನ ದೂಡಬೇಕಾಯಿತು. ಇಲ್ಲಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ಕೂಡ ನೀರಿಲ್ಲದೆ ಕೆಲವು ಘಟಕಗಳನ್ನು ನಿಲ್ಲಿಸಿತು. ಅಷ್ಟರಲ್ಲಿ ಹೊಸ ಅಣೆಕಟ್ಟಿನ ಕೆಲಸ ಮುಗಿಯುವ ಹಂತಕ್ಕೆ ಬಂದಿತ್ತು, ಏಳು ಮೀಟರ್ ನಿಲ್ಲಿಸಬಹುದು, ಇನ್ನು ಚಿಂತೆ ಇಲ್ಲ ಅಂದರು.

ಏಳು ಮೀಟರ್ ನಿಲ್ಲಿಸಿದರೆ ಹೊಳೆ ಬದಿಯ ತೋಟ ಮುಳುಗುತ್ತದೆ. ಅಡಿಕೆ, ತೆಂಗು ಇರುವ ಜಾಗ ಅದು. ಪರಿಹಾರ ಕೊಡಿ, ಆಮೇಲೆ ನೀರು ಏರಿಸಿ ಅಂತ ಬಂಟ್ವಾಳ ಕಡೆಯ ರೈತರು ಹಟ ಹಿಡಿದರು. ಹಿಡಿಯದೆ ಇನ್ನೇನು ಮಾಡಬೇಕಿತ್ತು? ನಗರದಲ್ಲಿ ಶವರ್ ಕೆಳಗೆ ನಿಂತವರಿಗೆ ಎರಡು ಮೀಟರ್ ಅಂದರೆ ಒಂದು ಅಂಕಿ, ರೈತರಿಗೆ ಅದು ತೋಟದ ಅಂಚಿನ ಸಾಲು ಮರಗಳು. ಹಾಗಾಗಿ ಮೊದಲು ಐದು ಮೀಟರ್, ಆಮೇಲೆ ಆರು ಅಂತ ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರು. ಅಣೆಕಟ್ಟು ಕಟ್ಟುವ ಮೊದಲೇ ಮುಳುಗಡೆ ಲೆಕ್ಕ ಮುಗಿಸಿ ದುಡ್ಡು ಕೊಟ್ಟಿದ್ದರೆ ಇಷ್ಟೆಲ್ಲ ಜಗ್ಗಾಟ ಬೇಕಿತ್ತಾ?

ಎತ್ತರ ಹೆಚ್ಚಿಸಿದ್ದರಿಂದ ಎಲ್ಲ ಸರಿಹೋಯಿತಾ ಅಂದರೆ ಅದೂ ಇಲ್ಲ. 2019 ನೋಡಿ. ಮೇ ತಿಂಗಳಲ್ಲಿ ಪಾಳಿ ಹಾಕಿ ನೀರು ಬಿಟ್ಟರು. ಆ ವರ್ಷ ಉಡುಪಿಯ ಕಥೆ ಇನ್ನೂ ಕಷ್ಟ. ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿ, ಹೊಳೆಯ ಗುಂಡಿಗಳಲ್ಲಿ ನಿಂತಿದ್ದ ನೀರನ್ನು ಪಂಪ್ ಹಾಕಿ ತರಬೇಕಾಯಿತು, ಜನ ಶ್ರಮದಾನಕ್ಕೆ ಇಳಿದರು. (ಆಮೇಲೆ ಉಡುಪಿಯೂ ಇನ್ನೂ ದೂರದ ವಾರಾಹಿಗೆ ಪೈಪ್ ಹಾಕಿಸಿತು. ಅದೇ ದಾರಿ.) ಅದೇ ವರ್ಷ ಆಗಸ್ಟ್‌ನಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳದ ರಸ್ತೆಗಳಿಗೆ ನುಗ್ಗಿತು. ಅದೇ ಆಗಸ್ಟ್‌ನಲ್ಲಿ ನಗರದ ಕಸ ಸುರಿಯುವ ಪಚ್ಚನಾಡಿಯ ಕಸದ ಗುಡ್ಡ ಕುಸಿದು ಪಕ್ಕದ ಮಂದಾರದ ಮನೆ, ತೋಟಗಳ ಮೇಲೆ ಹರಿಯಿತು. ಕಸದ ರಸ ತೋಡು ಸೇರಿ ಫಲ್ಗುಣಿ ಕಡೆ ಹೊರಟಿತು. ಆ ಹೊಳೆಯ ಮರವೂರು ಕಿಂಡಿ ಅಣೆಕಟ್ಟಿನಿಂದಲೂ ಜನ ಕುಡಿಯುತ್ತಾರೆ. ಮೂರು ತಿಂಗಳಲ್ಲಿ ಬರ, ನೆರೆ, ಹೊಲಸು, ಮೂರನ್ನೂ ನೋಡಿಯಾಯಿತು. 2023ರಲ್ಲಿ ಮಳೆ ತಡವಾದಾಗ ಮತ್ತೆ ರೇಷನಿಂಗ್ ಬಂತು.

ಹಾಗಾದರೆ ಊರೊಳಗಿನ ಕೆರೆಗಳು? ಮಂಗಳಾದೇವಿ ಹತ್ತಿರದ ಗುಜ್ಜರಕೆರೆ ಹಳೆಯ ಕಾಲದ್ದು. ಸುತ್ತ ಮನೆಗಳು ಎದ್ದವು, ಯುಜಿಡಿ (ಒಳಚರಂಡಿ) ಪೈಪಿನ ಹೊಲಸು ಕೆರೆಗೆ ಇಳಿಯಿತು. ಊರವರು ವರ್ಷಗಟ್ಟಲೆ ಓಡಾಡಿದ ಮೇಲೆ ಹೂಳೆತ್ತುವ ಕೆಲಸ ಹಂತಹಂತವಾಗಿ ಆಯಿತು. 2016ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಗುಜ್ಜರಕೆರೆಗೂ ಕಾವೂರು ಕೆರೆಗೂ ಹಣ ಬಂತು, ಸುತ್ತ ವಾಕಿಂಗ್ ಟ್ರ್ಯಾಕ್ ಬಂತು. ಬೆಳಿಗ್ಗೆ ನಡೆಯುವವರಿಗೆ ಖುಷಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಕೆರೆಯ ಕೆಲಸ ಶುರುವಾಗಬೇಕಾದದ್ದು ಪೈಪಿನಿಂದ. ಹೊಲಸು ಎಲ್ಲಿಂದ ಬರುತ್ತಿದೆ ಅಂತ ಅಗೆದು ನೋಡಿ, ಅದನ್ನು ಪೂರ್ತಿ ಮುಚ್ಚಿ, ಆಮೇಲೆ ದಡದ ಅಲಂಕಾರ ಮಾಡಬೇಕು. ನಾವು ಸಾಮಾನ್ಯವಾಗಿ ಉಲ್ಟಾ ಮಾಡುತ್ತೇವೆ, ಯಾಕೆಂದರೆ ಟ್ರ್ಯಾಕಿಗೆ ರಿಬ್ಬನ್ ಕತ್ತರಿಸಬಹುದು, ಮಣ್ಣಿನಡಿಯ ಪೈಪಿಗೆ ಆಗುವುದಿಲ್ಲ.

ಪಾರ್ಕಿನ ಲೆಕ್ಕವೂ ನೀರಿನ ಲೆಕ್ಕವೇ. ಕದ್ರಿ ದೇವಸ್ಥಾನದಲ್ಲಿ ಗೋಮುಖದಿಂದ ಬೀಳುವ ನೀರು, ಅದರ ಕೆರೆಗಳು ಎಲ್ಲರಿಗೂ ಗೊತ್ತು. ಆ ನೀರು ಕದ್ರಿ ಗುಡ್ಡದ ಹೊಟ್ಟೆಯಿಂದ ಬರುತ್ತದೆ. ಅಲ್ಲಿಯ ಲೋಕೇಶ್ವರ ವಿಗ್ರಹದ ಶಾಸನ 968ನೇ ಇಸವಿಯದು, ಅಷ್ಟು ಹಿಂದಿನಿಂದ ಜನ ಆ ಗುಡ್ಡದ ಬುಡದಲ್ಲಿದ್ದಾರೆ. ಆ ಕಡೆ ಇನ್ನೂ ತೆರೆದ ಮಣ್ಣು, ಮರ ಉಳಿದಿರುವ ದೊಡ್ಡ ಜಾಗ ಅಂದರೆ ಕದ್ರಿ ಪಾರ್ಕ್. ಪಕ್ಕದ ಜಿಂಕೆ ಪಾರ್ಕಿನ ಪ್ರಾಣಿಗಳು ಪಿಲಿಕುಳದ ಮೃಗಾಲಯಕ್ಕೆ ಹೋದವು, ಆ ಜಾಗದಲ್ಲಿ 2018ರಲ್ಲಿ ಸಂಗೀತ ಕಾರಂಜಿ ಶುರುವಾಯಿತು. ಪಾರ್ಕಿನ ರಸ್ತೆಯೂ ಸ್ಮಾರ್ಟ್ ಆಯಿತು. ಕಾರಂಜಿಯ ಮೇಲೆ ನನಗೆ ಸಿಟ್ಟಿಲ್ಲ, ಮಕ್ಕಳಿಗೆ ಇಷ್ಟ. ಆದರೆ ಊರಲ್ಲಿ ಎಲ್ಲೇ ಪಾರ್ಕ್ ರಿಪೇರಿ ಅಂದರೂ ಮೊದಲು ಬರುವುದು ನೆಲಕ್ಕೆ ಹಾಸುವ ಇಂಟರ್‌ಲಾಕ್ ಕಲ್ಲಿನ ಲಾರಿ. ಇಂಗಬೇಕಾದ ನೀರು ಚರಂಡಿಗೆ ಹೋಗುತ್ತದೆ, ಕೆಳಗಿನ ಬಾವಿಯವರು ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರೆ. ಈ ಎರಡನ್ನೂ ಒಂದೇ ಫೈಲಿನಲ್ಲಿ ಯಾರೂ ನೋಡುವುದಿಲ್ಲ.

ಮೇಲೆ ಘಟ್ಟದಲ್ಲಿ ಇನ್ನೊಂದು ತೀರ್ಮಾನ ಆಗಿದೆ. ಎತ್ತಿನಹೊಳೆ ಕೊನೆಗೆ ಕುಮಾರಧಾರೆಯ ಮೂಲಕ ನೇತ್ರಾವತಿಗೆ ಸೇರುವ ಹೊಳೆ. ಅಲ್ಲಿಂದ 24 ಟಿಎಂಸಿ ನೀರನ್ನು ಪೂರ್ವದ ಬಯಲುಸೀಮೆಗೆ ಒಯ್ಯುವ ಯೋಜನೆಗೆ 2014ರಲ್ಲಿ ಅಡಿಗಲ್ಲು ಬಿತ್ತು, ಕರಾವಳಿಯಲ್ಲಿ ಬಂದ್, ಪಾದಯಾತ್ರೆ ಎಲ್ಲ ನಡೆದವು, 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತ ಶುರುವಾಯಿತು. ಮಳೆಗಾಲದ ಹೆಚ್ಚುವರಿ ನೀರು ಮಾತ್ರ ಅನ್ನುತ್ತಾರೆ. ಕೋಲಾರದವರ ಬಾಯಾರಿಕೆ ಸುಳ್ಳಲ್ಲ. ಆದರೆ ಇಲ್ಲಿ ಜನರ ಹೆದರಿಕೆಗೂ ಕಾರಣ ಇದೆ, ಏಕೆಂದರೆ ನಮ್ಮ ನಗರ ಬಹುತೇಕ ಒಂದೇ ಹೊಳೆಯ ಒಂದೇ ಅಣೆಕಟ್ಟಿನ ಮೇಲೆ ನಿಂತಿದೆ.

ಒಳ್ಳೆಯ ತೀರ್ಮಾನಗಳೂ ಆಗಿವೆ, ಅದನ್ನೂ ಹೇಳಬೇಕು. ಬೇಸಿಗೆಯಲ್ಲಿ ಘಟಕ ನಿಲ್ಲಿಸಿ ಸಾಕಾದ ಎಂಆರ್‌ಪಿಎಲ್ ತಣ್ಣೀರುಬಾವಿಯಲ್ಲಿ ದಿನಕ್ಕೆ 30 ದಶಲಕ್ಷ ಲೀಟರ್ ಕಡಲ ನೀರನ್ನು ಸಿಹಿ ಮಾಡುವ ಘಟಕ ಹಾಕಿತು. ಕಾವೂರಿನಲ್ಲಿ ಶುದ್ಧ ಮಾಡಿದ ಒಳಚರಂಡಿ ನೀರು ಎಸ್‌ಇಝಡ್‌ಗೆ (ವಿಶೇಷ ಆರ್ಥಿಕ ವಲಯಕ್ಕೆ) ಹೋಗುತ್ತದೆ. 2019ರ ನಂತರ ಎಷ್ಟೋ ಮನೆಗಳವರು ಮಾಡಿನ (ಛಾವಣಿಯ) ನೀರನ್ನು ಫಿಲ್ಟರ್ ಮೂಲಕ ಬಾವಿಗೆ ಇಳಿಸುತ್ತಿದ್ದಾರೆ. ಕಾವೂರಿನ ಹಾಗೆ ಶುದ್ಧ ಮಾಡಿದ ನೀರನ್ನೇ ಬಳಸುವ ನಿಯಮ ಪಾರ್ಕಿನ ಹುಲ್ಲಿಗೂ, ಡಿವೈಡರ್ ಗಿಡಕ್ಕೂ, ಕಟ್ಟಡ ಕೆಲಸಕ್ಕೂ ಬರಲಿ. ಅವಕ್ಕೆಲ್ಲ ಕುಡಿಯುವ ನೀರೇ ಬೇಕಾಗಿಲ್ಲ. ಮುಂದಿನ ಬಜೆಟ್ ಸಭೆಗೆ ನಿಮ್ಮ ವಾರ್ಡಿನವರು ಹೋಗುವಾಗ ಕೆರೆಗೆ, ಪಾರ್ಕಿಗೆ ಎಷ್ಟು ಕೋಟಿ ಅಂತ ಕೇಳುವುದರ ಜೊತೆಗೆ ಅದರಲ್ಲಿ ಪೈಪಿಗೆಷ್ಟು, ಇಂಟರ್‌ಲಾಕಿಗೆಷ್ಟು ಅಂತಲೂ ಕೇಳಲಿ.