ಆಲ್ಗಾಲ್ ಮಂಕಾಗುವ ನಿಮಿಷ: ಅವಳಿ ತಾರೆಯ ಗ್ರಹಣವನ್ನು ಅಳೆಯುವ ಬಗೆ

ಪರ್ಸಿಯಸ್ ಪುಂಜದ ಆಲ್ಗಾಲ್ ನಕ್ಷತ್ರ 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಮಂಕಾಗುತ್ತದೆ. ಕನ್ನಡದ ತಾರಾಪಟಗಳಲ್ಲಿ ಈ ಪುಂಜಕ್ಕೆ ಪಾರ್ಥ ಎಂಬ ಹೆಸರಿದೆ. ನಮ್ಮ ಕಣ್ಣಿಗೆ ಒಂದೇ ಚುಕ್ಕಿಯಾಗಿ ಕಾಣುವ ಈ ನಕ್ಷತ್ರದಲ್ಲಿ ಎರಡು ತಾರೆಗಳು ಒಂದನ್ನೊಂದು ಸುತ್ತುತ್ತಿವೆ. ಅವುಗಳ ನಡುವಿನ ಅಂತರ ಒಂದು ಕೋಟಿ ಕಿಲೋಮೀಟರಿಗೂ ತುಸು ಕಡಿಮೆ. ಸುತ್ತುವ ಕಕ್ಷೆ ನಮಗೆ ಹೆಚ್ಚುಕಡಿಮೆ ಅಂಚಿನಿಂದ ಕಾಣುವುದರಿಂದ ಪ್ರತಿ ಸುತ್ತಿನಲ್ಲೂ ಒಂದು ಇನ್ನೊಂದನ್ನು ಮರೆಮಾಡುತ್ತದೆ. ಮೂರನೆಯ ತಾರೆಯೊಂದು 680 ದಿನಕ್ಕೊಮ್ಮೆ ಇವೆರಡನ್ನೂ ಸುತ್ತಿ ಬರುತ್ತದೆ. ನಮ್ಮ ಅಳತೆಯ ಮಟ್ಟಿಗೆ ಅದನ್ನು ಬದಿಗಿಡಬಹುದು.

ಗ್ರಹಣದ ಹೊತ್ತಿನಲ್ಲಿ ಆಲ್ಗಾಲ್‌ನ ಕಾಂತಿಮಾನ 2.1ರಿಂದ 3.4ಕ್ಕೆ ಇಳಿಯುತ್ತದೆ. ಕಾಂತಿಮಾನ, ಅಂದರೆ ಮ್ಯಾಗ್ನಿಟ್ಯೂಡ್, ತಲೆಕೆಳಗಾದ ಲೆಕ್ಕ: ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು. ಐದು ಕಾಂತಿಮಾನದ ವ್ಯತ್ಯಾಸವೆಂದರೆ ಬೆಳಕಿನಲ್ಲಿ ಸರಿಯಾಗಿ ನೂರು ಪಟ್ಟು, ಒಂದಕ್ಕೆ ಸುಮಾರು 2.512 ಪಟ್ಟು. 1856ರಲ್ಲಿ ಈ ನಿಯಮವನ್ನು ಸೂಚಿಸಿದ ನಾರ್ಮನ್ ಪಾಗ್ಸನ್ ಮುಂದೆ 1861ರಿಂದ ಕೊನೆಯವರೆಗೂ ಮದ್ರಾಸ್ ವೀಕ್ಷಣಾಲಯದಲ್ಲೇ ದುಡಿದವರು. ಅದೇ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ ಆರ್ ರೆಟಿಕ್ಯುಲಿ ಎಂಬ ಚಂಚಲ ತಾರೆಯನ್ನು, ಅಂದರೆ ಬೆಳಕು ಏರಿಳಿಯುವ ತಾರೆಯನ್ನು, ಪತ್ತೆಹಚ್ಚಿದರು. ಈ ವಿದ್ಯೆಗೆ ನಮ್ಮ ನೆರೆಯಲ್ಲೇ ಇಂಥ ಪರಂಪರೆಯಿದೆ ಎಂಬುದು ನನಗೆ ಸದಾ ಹುರುಪು ಕೊಡುವ ಸಂಗತಿ. ಈಗ ಪಾಗ್ಸನ್ ನಿಯಮವನ್ನು ಆಲ್ಗಾಲ್‌ಗೆ ಹಚ್ಚಿ ನೋಡಿ. 1.3 ಕಾಂತಿಮಾನದ ಇಳಿತವೆಂದರೆ 2.512ರ 1.3ನೇ ಘಾತ, ಅಂದರೆ 3.3. ಗ್ರಹಣದ ನಡುಘಟ್ಟದಲ್ಲಿ ನಮಗೆ ತಲುಪುವುದು ಮಾಮೂಲಿ ಬೆಳಕಿನ ಶೇಕಡಾ 30 ಮಾತ್ರ. ಉಳಿದ 70 ಪಾಲು ಐದು ಗಂಟೆಗಳಲ್ಲಿ ಕಳೆದುಹೋಗಿ, ಮುಂದಿನ ಐದು ಗಂಟೆಗಳಲ್ಲಿ ಮರಳಿ ಬರುತ್ತದೆ.

ಇದನ್ನು ಅಳೆಯಲು ಹೊರಟಾಗ ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಮಾತೊಂದಿದೆ: ನಕ್ಷತ್ರದ ಬೆಳಕನ್ನು ಅದೊಂದನ್ನೇ ನೋಡಿ ಅಳೆಯಲಾಗದು. ತೆಳುಮೋಡ, ಇಬ್ಬನಿ, ಊರಿನ ದೀಪದ ಬೆಳಕು, ದಿಗಂತದತ್ತ ಇಳಿಯುತ್ತಿರುವಾಗ ದಪ್ಪವಾಗುವ ವಾಯುಪದರ ಎಲ್ಲವೂ ಅದನ್ನು ಕದಲಿಸುತ್ತವೆ. ಪಕ್ಕದ, ಬದಲಾಗದ ನಕ್ಷತ್ರವೊಂದನ್ನು ಅದೇ ಗಳಿಗೆಯಲ್ಲಿ ನೋಡಿದರೆ ಈ ಕಾಟಗಳೆಲ್ಲ ಇಬ್ಬರಿಗೂ ಸಮನಾಗಿ ತಟ್ಟಿರುತ್ತವೆ, ವ್ಯತ್ಯಾಸದಲ್ಲಿ ಕಳೆದುಹೋಗುತ್ತವೆ. ಆದ್ದರಿಂದ ಒಳ್ಳೆಯ ಅಳತೆ ಎಂದರೆ ಒಳ್ಳೆಯ ನೆರೆಯವರ ಆಯ್ಕೆ. ಆಲ್ಗಾಲ್‌ಗೆ ನಾನು ಇಟ್ಟುಕೊಂಡಿರುವವು ಮೂರು: ದ್ರೌಪದಿ ಪುಂಜದ ಆಲ್ಮಾಕ್ (2.1), ಪಾರ್ಥದ ಡೆಲ್ಟಾ (3.0), ಅದೇ ಪುಂಜದ ಕಾಪಾ (3.8). ಆಲ್ಗಾಲ್‌ಗೆ ತೀರ ಹತ್ತಿರದಲ್ಲಿ ರೋ ಎಂಬ ಕೆಂಪು ತಾರೆಯಿದೆ, ಕೈಗೆ ಸಿಕ್ಕಂತೆ ಇದೆ, ಹೋಲಿಸಲು ಆಸೆಯಾಗುತ್ತದೆ. ದಯವಿಟ್ಟು ಬೇಡ. ಅದು ತಾನೇ ಚಂಚಲ ತಾರೆ. ಮೊದಲ ಚಳಿಗಾಲದಲ್ಲಿ ನಾನು ಅದನ್ನೇ ನಂಬಿ ಮಾಡಿದ ಹದಿನೈದು ದಿನಗಳ ದಾಖಲೆಯನ್ನು ಪೂರ್ತಿ ಕೈಬಿಡಬೇಕಾಯಿತು. ಕೆಂಪು ತಾರೆಗಳಲ್ಲಿ ಇನ್ನೊಂದು ತೊಡಕೂ ಇದೆ: ದಿಟ್ಟಿಸಿ ನೋಡಿದಷ್ಟೂ ಅವು ಇರುವುದಕ್ಕಿಂತ ಪ್ರಕಾಶಮಾನವಾಗಿ ಕಾಣತೊಡಗುತ್ತವೆ. ಆಲ್ಮಾಕ್ ಕೂಡ ಕಿತ್ತಳೆ ಬಣ್ಣದ್ದೇ, ಹಾಗಾಗಿ ಅದರ ಮೇಲೆ ಕಣ್ಣು ಹಾಯಿಸಿ ಬೇಗ ತೆಗೆಯಬೇಕು.

ಬರಿಗಣ್ಣಿನ ಅಂದಾಜು ಹೀಗೆ. ಆಲ್ಗಾಲ್ ಈಗ ಡೆಲ್ಟಾಗಿಂತ ಮಂಕು, ಕಾಪಾಗಿಂತ ಪ್ರಕಾಶಮಾನ ಎನ್ನೋಣ. ಇವೆರಡರ ನಡುವಿನ ಅಂತರವನ್ನು ಮನಸ್ಸಿನಲ್ಲೇ ಹತ್ತು ಪಾಲು ಮಾಡಿ, ಆಲ್ಗಾಲ್ ಡೆಲ್ಟಾದಿಂದ ಎಷ್ಟನೇ ಪಾಲಿನಲ್ಲಿದೆ ಎಂದು ಕೇಳಿಕೊಳ್ಳಬೇಕು. ನಾಲ್ಕು ಎಂದು ತೋರಿದರೆ, 0.8ರ ಹತ್ತರಲ್ಲಿ ನಾಲ್ಕು ಪಾಲು 0.32, 3.0ಕ್ಕೆ ಕೂಡಿಸಿದರೆ 3.3. ಅಷ್ಟೇ. ಅಭ್ಯಾಸವಾದ ಕಣ್ಣು 0.1ರಷ್ಟು ನಿಖರವಾಗಿ ಹೇಳುತ್ತದೆ.

ಡಿಸೆಂಬರಿನ ಒಂದು ರಾತ್ರಿ ಮನೆಯ ತಾರಸಿಯಲ್ಲಿ ಉತ್ತರಕ್ಕೆ ಮುಖ ಮಾಡಿ ಕುಳಿತು ಬರೆದುಕೊಂಡದ್ದು ಇಲ್ಲಿದೆ. 8.15ಕ್ಕೆ 2.4, 9.15ಕ್ಕೆ 2.8, 10.15ಕ್ಕೆ 3.1, 11.15ಕ್ಕೆ 3.4, 12.15ಕ್ಕೆ 3.2, 1.15ಕ್ಕೆ 2.8. ನಡುನಡುವೆ ಹದಿನೈದು ನಿಮಿಷಕ್ಕೊಂದು ಅಂದಾಜು ಬೇರೆ. ಟಾರ್ಚಿಗೆ ಕೆಂಪು ಬಣ್ಣದ ಕಾಗದ ಸುತ್ತಿದ್ದೆ. ಬರೆದ ಪ್ರತಿ ಸಾಲನ್ನೂ ಕೂಡಲೇ ಒಂದು ರಟ್ಟಿನ ತುಂಡಿನಿಂದ ಮುಚ್ಚುತ್ತಿದ್ದೆ. ಈ ರಟ್ಟು ಟಾರ್ಚಿಗಿಂತ ಮುಖ್ಯ. ಹಿಂದಿನ ಅಂಕಿ ಕಣ್ಣಿಗೆ ಬಿದ್ದರೆ ಮುಂದಿನದು ಅದರ ಜಾಡನ್ನೇ ಹಿಡಿಯುತ್ತದೆ. ಗ್ರಹಣದ ನಡುಘಟ್ಟ ಎಷ್ಟು ಹೊತ್ತಿಗೆ ಎಂದು ಪಂಚಾಂಗದ ಹಾಗೆ ಮೊದಲೇ ಲೆಕ್ಕ ಹಾಕಿಟ್ಟುಕೊಂಡರೂ ಇದೇ ಗತಿ. ಮನಸ್ಸು ಬಯಸಿದ್ದನ್ನು ಕಣ್ಣು ಕಾಣುತ್ತದೆ. ಯಾವ ರಾತ್ರಿ ಎಂಬುದಷ್ಟೇ ಗೊತ್ತಿರಲಿ, ಗಂಟೆ ಬೇಡ.

ಕ್ಯಾಮೆರಾ ಇರುವವರು ಇದಕ್ಕಿಂತ ಹತ್ತು ಪಟ್ಟು ಸೂಕ್ಷ್ಮಕ್ಕೆ ಹೋಗಬಹುದು. ಸಾಮಾನ್ಯ ಡಿಎಸ್‌ಎಲ್‌ಆರ್, 50 ಮಿಲಿಮೀಟರ್ ಲೆನ್ಸ್, ಮುಕ್ಕಾಲಿ ಸಾಕು. ಚಿತ್ರವನ್ನು ಜೆಪೆಗ್ ಆಗಿ ಅಲ್ಲ, ರಾ ಕಡತವಾಗಿಯೇ ಉಳಿಸಬೇಕು, ಏಕೆಂದರೆ ಜೆಪೆಗ್ ಮಾಡುವಾಗ ಕ್ಯಾಮೆರಾ ಬೆಳಕಿನ ಪ್ರಮಾಣವನ್ನು ತನಗೆ ಬೇಕಾದಂತೆ ತಿದ್ದಿಬಿಡುತ್ತದೆ. ಫೋಕಸ್ ಅನ್ನು ಬೇಕೆಂದೇ ತುಸು ಕೆಡಿಸಿ, ನಕ್ಷತ್ರ ಪುಟ್ಟ ಬಿಲ್ಲೆಯಾಗುವಂತೆ ಮಾಡಿ. ಆಗ ಬೆಳಕು ಅನೇಕ ಪಿಕ್ಸೆಲ್‌ಗಳಿಗೆ ಹಂಚಿಹೋಗಿ, ಯಾವ ಪಿಕ್ಸೆಲ್ಲೂ ತುಂಬಿ ತುಳುಕುವುದಿಲ್ಲ. ತುಂಬಿದ ಪಿಕ್ಸೆಲ್ ಸುಳ್ಳು ಹೇಳುತ್ತದೆ, ಆ ಸುಳ್ಳನ್ನು ಆಮೇಲೆ ತಿದ್ದಲು ಬರುವುದಿಲ್ಲ. ಹಸಿರು ಪಿಕ್ಸೆಲ್‌ಗಳನ್ನು ಮಾತ್ರ ಆರಿಸಿಕೊಂಡು, ಬಿಲ್ಲೆಯ ಸುತ್ತ ವೃತ್ತ ಹಾಕಿ ಒಳಗಿನ ಎಣಿಕೆಯನ್ನೆಲ್ಲ ಕೂಡಿ, ಸುತ್ತಲಿನ ಬರಿ ಆಕಾಶದ ಎಣಿಕೆಯನ್ನು ಕಳೆಯಬೇಕು.

ಹೀಗೆ ಆಲ್ಗಾಲ್‌ಗೆ 4,38,000, ಡೆಲ್ಟಾಗೆ 2,00,000 ಎಣಿಕೆ ಬಂತು ಎಂದಿಟ್ಟುಕೊಳ್ಳೋಣ. ಅನುಪಾತ 2.19, ಅದರ ಲಾಗರಿದಮ್ 0.34, ಅದರ ಎರಡೂವರೆ ಪಟ್ಟು 0.85. ಡೆಲ್ಟಾದ ಕಾಂತಿಮಾನ 3.01, ಅದರಿಂದ 0.85 ಕಳೆದರೆ ಆಲ್ಗಾಲ್ 2.16. ಗ್ರಹಣದ ಆಳದಲ್ಲಿ ಅದೇ ಎಣಿಕೆ 1,40,000ಕ್ಕೆ ಇಳಿದರೆ ಅನುಪಾತ 0.70, ಲೆಕ್ಕ 3.40ಕ್ಕೆ ನಿಲ್ಲುತ್ತದೆ. ಡೆಲ್ಟಾ ನೀಲಿಯತ್ತ ವಾಲುವ ತಾರೆ, ಆಲ್ಗಾಲ್ ಕೂಡ ಹಾಗೆಯೇ. ಆದ್ದರಿಂದ ಬಣ್ಣದ ವ್ಯತ್ಯಾಸದಿಂದ ಬರುವ ದೋಷ ಕಡಿಮೆ. ಹತ್ತು ಹತ್ತು ಚಿತ್ರಗಳ ಸರಾಸರಿ ತೆಗೆದರೆ ಮಿನುಗುವಿಕೆಯ ಕಾಟವೂ ತಗ್ಗುತ್ತದೆ. ಲೆನ್ಸಿನ ಮೇಲೆ ಇಬ್ಬನಿ ಕೂರುತ್ತಿದೆಯೇ ಎಂದು ಆಗಾಗ ನೋಡುತ್ತಿರಿ.

ಇನ್ನು ಈ ಟಿಪ್ಪಣಿಯ ತಿರುಳಿಗೆ ಬರುತ್ತೇನೆ. ಆಲ್ಗಾಲ್ ಎಷ್ಟು ಮಂಕಾಯಿತು ಎನ್ನುವುದಕ್ಕಿಂತ ಅತಿ ಮಂಕಾದದ್ದು ಯಾವ ನಿಮಿಷಕ್ಕೆ ಎನ್ನುವುದು ಹೆಚ್ಚು ಬೆಲೆಯುಳ್ಳ ಅಳತೆ. ಆ ನಿಮಿಷವನ್ನು ತಳದಲ್ಲಿ ಹುಡುಕಬಾರದು. ತಳದಲ್ಲಿ ಅರ್ಧ ಗಂಟೆ ಬೆಳಕು ಬದಲಾದಂತೆಯೇ ಕಾಣುವುದಿಲ್ಲ. ಇಳಿಜಾರಿನಲ್ಲಿ ಗಂಟೆಗೆ 0.3 ಅಥವಾ 0.4ರಷ್ಟು ಬದಲಾಗುತ್ತದೆ, ಕಣ್ಣಿನ 0.1 ದೋಷ ಅಲ್ಲಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಸಮ, ಹಲವು ಚುಕ್ಕಿಗಳು ಸೇರಿದರೆ ಇನ್ನೂ ಕಡಿಮೆ. ನಾನು ಮಾಡುವುದಿಷ್ಟು: ಗ್ರಾಫ್ ಹಾಳೆಯಲ್ಲಿ ಚುಕ್ಕಿಗಳನ್ನಿಟ್ಟು ವಕ್ರರೇಖೆ ಎಳೆಯುತ್ತೇನೆ. ಅದರ ಮೇಲೆ ಟ್ರೇಸಿಂಗ್ ಕಾಗದವಿಟ್ಟು ಚುಕ್ಕಿಗಳನ್ನೂ ಕಾಲದ ಗೆರೆಯನ್ನೂ ನಕಲು ಮಾಡುತ್ತೇನೆ. ಆಮೇಲೆ ಕಾಗದವನ್ನು ಮಗುಚಿ, ಇಳಿಯುವ ತೋಳು ಏರುವ ತೋಳಿನ ಮೇಲೆ ಕೂರುವವರೆಗೆ ಎಡಕ್ಕೂ ಬಲಕ್ಕೂ ಸರಿಸುತ್ತೇನೆ. ಎರಡೂ ಒಂದಾದಾಗ ಮೇಲಿನ ಹಾಳೆಯ ಯಾವ ಗಂಟೆ ಕೆಳಗಿನ ಅದೇ ಗಂಟೆಯ ಮೇಲೆ ಬಿದ್ದಿದೆಯೋ ಅದೇ ಗ್ರಹಣದ ನಡುಘಟ್ಟ. ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಮಾಡಿದರೆ ಸ್ಪಷ್ಟವಾಗಿ ಕಾಣುತ್ತದೆ. ಮೇಲೆ ಹೇಳಿದ ರಾತ್ರಿಗೆ ನನಗೆ ಸಿಕ್ಕಿದ್ದು 11.19.

ಅವಧಿ ಬೇಕಾದರೆ ಇಂಥ ಎರಡು ನಿಮಿಷಗಳು ಸಾಕು, ಅವುಗಳ ನಡುವೆ ಸುತ್ತುಗಳು ಹೆಚ್ಚಿದ್ದಷ್ಟೂ ಒಳ್ಳೆಯದು. ನೂರು ಸುತ್ತು ಎಂದರೆ ಸುಮಾರು 287 ದಿನ. ಒಟ್ಟು ತಪ್ಪು ಹದಿನೈದು ನಿಮಿಷವಿದ್ದರೂ ನೂರರಿಂದ ಭಾಗಿಸಿದಾಗ ಒಂದು ಸುತ್ತಿಗೆ ಒಂಬತ್ತು ಸೆಕೆಂಡು. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಕಿವಿ ಕೇಳಿಸದ ಹದಿನೆಂಟರ ಹುಡುಗ ಜಾನ್ ಗುಡ್‌ರಿಕ್ 1782ರ ನವೆಂಬರಿನಿಂದ ರಾತ್ರಿಗಳನ್ನು ಕಾದು, ನೆರೆಯ ಎಡ್ವರ್ಡ್ ಪಿಗಟ್ ಜತೆ ಚರ್ಚಿಸುತ್ತಾ, 1783ರಲ್ಲಿ 2 ದಿನ 20 ಗಂಟೆ 45 ನಿಮಿಷ ಎಂಬ ಅವಧಿಯನ್ನು ಪ್ರಕಟಿಸಿದ. ಇಂದಿನ ಲೆಕ್ಕಕ್ಕೆ ಬರೀ ನಾಲ್ಕು ನಿಮಿಷ ಕಡಿಮೆ. ಕಪ್ಪು ಕಾಯವೊಂದು ಅಡ್ಡ ಹಾಯುತ್ತಿರಬಹುದು ಎಂದು ಊಹಿಸಿದವನೂ ಅವನೇ. ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿತು. 1786ರಲ್ಲಿ ತೀರಿಕೊಂಡಾಗ ಅವನಿಗೆ ಇಪ್ಪತ್ತೊಂದು. ಅವನ ಊಹೆಗೆ ಗಟ್ಟಿ ಸಾಕ್ಷಿ ದೊರೆತದ್ದು ನೂರು ವರ್ಷದ ಮೇಲೆ, 1889ರಲ್ಲಿ: ಗ್ರಹಣಕ್ಕೆ ಮುನ್ನ ಜೋಡಿಯ ಪ್ರಕಾಶಮಾನ ತಾರೆ ನಮ್ಮಿಂದ ದೂರ ಸರಿಯುತ್ತದೆ, ಅನಂತರ ಹತ್ತಿರ ಬರುತ್ತದೆ ಎಂದು ಪಾಟ್ಸ್‌ಡ್ಯಾಮ್‌ನ ಹರ್ಮನ್ ಫೋಗೆಲ್ ಅದರ ರೋಹಿತದಲ್ಲಿ, ಅಂದರೆ ಬೆಳಕನ್ನು ಬಿಡಿಸಿದಾಗ ಸಿಗುವ ಬಣ್ಣಗಳ ಪಟ್ಟಿಯಲ್ಲಿ, ಕಂಡರು.

ನಿಮಿಷದ ಮಟ್ಟಕ್ಕೆ ಹೋದವರು ಭೂಮಿಯ ಚಲನೆಯನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ನವೆಂಬರ್ ನಡುವಿನಲ್ಲಿ ಭೂಮಿ ತನ್ನ ಕಕ್ಷೆಯಲ್ಲಿ ಆಲ್ಗಾಲ್‌ಗೆ ಹತ್ತಿರದ ಬದಿಯಲ್ಲಿರುತ್ತದೆ. ಗ್ರಹಣದ ಸುದ್ದಿ ಸೂರ್ಯನನ್ನು ಮುಟ್ಟುವುದಕ್ಕಿಂತ ಏಳೂಮುಕ್ಕಾಲು ನಿಮಿಷ ಮೊದಲೇ ನಮಗೆ ಸಿಗುತ್ತದೆ. ಫೆಬ್ರವರಿ ನಡುವಿನ ಹೊತ್ತಿಗೆ ಈ ಮುಂಚೂಣಿ ಸೊನ್ನೆಯಾಗಿರುತ್ತದೆ. ಈ ಎರಡು ತಿಂಗಳ ನಿಮಿಷಗಳನ್ನು ಹಾಗೆಯೇ ಹಿಡಿದು 32 ಸುತ್ತಿಗೆ ಭಾಗಿಸಿದರೆ ಅವಧಿ ಹದಿನಾಲ್ಕು ಸೆಕೆಂಡು ಉದ್ದವಾಗಿ ಬರುತ್ತದೆ. ತಪ್ಪು ಗಡಿಯಾರದ್ದೂ ಅಲ್ಲ, ಕಣ್ಣಿನದೂ ಅಲ್ಲ. ಸೂರ್ಯಕೇಂದ್ರಿತ ಸಮಯಕ್ಕೆ, ಅಂದರೆ ಸುದ್ದಿ ಸೂರ್ಯನನ್ನು ಮುಟ್ಟುವ ಹೊತ್ತಿಗೆ, ಬದಲಿಸಿಕೊಂಡರೆ ಸರಿಹೋಗುತ್ತದೆ.

ವಕ್ರರೇಖೆಯ ಆಳ ಏನು ಹೇಳುತ್ತದೆ? ಇಲ್ಲಿ ಅನೇಕರು ಎಡವುತ್ತಾರೆ: ದೊಡ್ಡ ತಾರೆ ಮರೆಯಾದಾಗ ಆಳವಾದ ಗ್ರಹಣ ಎಂದುಕೊಳ್ಳುತ್ತಾರೆ. ಹಾಗಲ್ಲ. ಒಂದು ಸುತ್ತಿನಲ್ಲಿ ಇದು ಅದನ್ನೊಮ್ಮೆ, ಅದು ಇದನ್ನೊಮ್ಮೆ ಮರೆಮಾಡುತ್ತದೆ; ಕಕ್ಷೆ ವೃತ್ತಾಕಾರವಾಗಿದ್ದರೆ ಈ ಎರಡು ಗ್ರಹಣಗಳಲ್ಲೂ ಮುಚ್ಚಿಹೋಗುವ ವಿಸ್ತೀರ್ಣ ಒಂದೇ. ಬಿಸಿಯಾದ ತಾರೆಯ ಮೇಲ್ಮೈ ಮುಚ್ಚಿದಾಗ ಹೆಚ್ಚು ಬೆಳಕು ಹೋಗುತ್ತದೆ, ತಣ್ಣನೆಯದು ಮುಚ್ಚಿದಾಗ ಕಡಿಮೆ. ಆಲ್ಗಾಲ್‌ನಲ್ಲಿ ಆಳವಾದ ಗ್ರಹಣದಲ್ಲಿ ಮರೆಯಾಗುವುದು ಸುಮಾರು 13,000 ಕೆಲ್ವಿನ್ ಬಿಸಿಯ, ಗಾತ್ರದಲ್ಲಿ ಚಿಕ್ಕದಾದ ತಾರೆ. ಮರೆಮಾಡುವುದು ತಂಪಾದ ದೊಡ್ಡ ಸಂಗಾತಿ. ಆ ಸಂಗಾತಿಯ ಸರದಿ ಬಂದಾಗ ಇಳಿಯುವ ಬೆಳಕು ಶೇಕಡಾ ಐದರ ಆಸುಪಾಸು. 70ನ್ನು 5ರಿಂದ ಭಾಗಿಸಿ: ಒಂದೇ ಅಳತೆಯ ತುಂಡಿನಿಂದ ಬಿಸಿ ತಾರೆ ಹೊಮ್ಮಿಸುವ ಬೆಳಕು ತಂಪಿನದಕ್ಕಿಂತ ಹದಿನಾಲ್ಕು ಪಟ್ಟು. ಎರಡು ತಗ್ಗುಗಳಿಂದ ಇಷ್ಟು ತಿಳಿಯಿತು.

ಈ ಎರಡನೆಯ ತಗ್ಗು ಬರಿಗಣ್ಣಿಗೆ ನಿಲುಕದು. ಅದನ್ನು ಮೊದಲು ಹಿಡಿದವರು ಅಮೆರಿಕದ ಜೋಯೆಲ್ ಸ್ಟೆಬಿನ್ಸ್, 1910ರಲ್ಲಿ, ಬೆಳಕನ್ನು ವಿದ್ಯುತ್ತಿನ ಮೂಲಕ ಅಳೆಯುವ ಸೆಲೆನಿಯಂ ಕೋಶ ಬಳಸಿ. ಇಂದಿನ ಕ್ಯಾಮೆರಾಕ್ಕೆ ಅದು ಕಷ್ಟದ, ಆದರೆ ಆಗುವ ಕೆಲಸ. ಆಳವಾದ ಮೊದಲ ಗ್ರಹಣವಾಗಿ 34 ಗಂಟೆ 24 ನಿಮಿಷಕ್ಕೆ ಅದು ಬರುತ್ತದೆ. ಆದ್ದರಿಂದ ಹಿಂದಿನ ದಿನ ಬೆಳಿಗ್ಗೆ 11ರ ಸುಮಾರಿಗೆ, ಹಗಲು ಬೆಳಕಿನಲ್ಲಿ, ನಮಗೆ ಕಾಣದಂತೆ ಮೊದಲ ಗ್ರಹಣ ಆಗಿರುವಂಥ ರಾತ್ರಿಯನ್ನು ಆರಿಸಿಕೊಳ್ಳಬೇಕು, ರಾತ್ರಿ 9.24ಕ್ಕೆ ನಡುಘಟ್ಟ. ಬರುವ ಚಳಿಗಾಲಕ್ಕೆ ಅಂಥ ನಾಲ್ಕು ರಾತ್ರಿಗಳನ್ನು ಗುರುತು ಹಾಕಿಟ್ಟಿದ್ದೇನೆ, ಸಂಜೆ ಆರಕ್ಕೇ ಮುಕ್ಕಾಲಿ ಹೂಡುತ್ತೇನೆ.