ಮೊದಲ ಸುತ್ತಿನ ಕಾರ್ನರ್‌ಬ್ಯಾಕ್: ಒಂದು ತಂಡದ ಆಯ್ಕೆಗಳನ್ನು ತೂಗುವ ಬಗೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಹಿಡಿಯಲು ಓಡುವವನು ರಿಸೀವರ್. ಅವನ ಬೆನ್ನು ಬಿಡದೆ ಓಡಿ, ಚೆಂಡು ಅವನ ಕೈ ಸೇರದಂತೆ ತಡೆಯುವವನು ಕಾರ್ನರ್‌ಬ್ಯಾಕ್. ಎಲ್ಲಿ ತಿರುಗಬೇಕೆಂಬುದು ರಿಸೀವರ್‌ಗೆ ಮೊದಲೇ ಗೊತ್ತಿರುತ್ತದೆ. ಕಾರ್ನರ್‌ಬ್ಯಾಕ್ ಹಿಮ್ಮುಖವಾಗಿ ಓಡುತ್ತಲೇ ಎದುರಾಳಿಯ ಸೊಂಟದ ಚಲನೆ ನೋಡಿ ಅದನ್ನು ಊಹಿಸಬೇಕು. ಅರ್ಧ ಹೆಜ್ಜೆ ತಪ್ಪಿದರೂ ಇಡೀ ಕ್ರೀಡಾಂಗಣಕ್ಕೆ ಕಾಣುತ್ತದೆ.

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ 32 ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆಯೇ ಡ್ರಾಫ್ಟ್. ಹಿಂದಿನ ಋತುವಿನಲ್ಲಿ ಹೆಚ್ಚು ಸೋತವರಿಗೆ ಮೊದಲ ಸರದಿ. ಒಟ್ಟು ಏಳು ಸುತ್ತುಗಳು. ಮೊದಲ ಸುತ್ತಿನಲ್ಲಿ ಬಂದವರಿಗೆ ನಾಲ್ಕು ವರ್ಷಗಳ ಒಪ್ಪಂದ ಸಿಗುತ್ತದೆ. ಅದನ್ನು ಐದನೇ ವರ್ಷಕ್ಕೆ ಮುಂದುವರಿಸುವ ಹಕ್ಕು 2011ರಿಂದ ತಂಡಕ್ಕಿದೆ.

ಮೊದಲ ಸುತ್ತಿನಲ್ಲಿ ಕಾರ್ನರ್‌ಬ್ಯಾಕ್‌ಗಳನ್ನು ಆರಿಸುವುದರಲ್ಲಿ ಒಂದು ತಂಡ ಗೆದ್ದಿದೆಯೇ ಎಂದು ಕೇಳಿದರೆ ಅಭಿಮಾನಿಗಳು ಹೆಸರುಗಳ ಪಟ್ಟಿ ಕೊಡುತ್ತಾರೆ. ಪಟ್ಟಿಯಿಂದ ತೀರ್ಪು ಹುಟ್ಟುವುದಿಲ್ಲ. ಎಷ್ಟನೇ ಆಯ್ಕೆ, ಅದಕ್ಕಾಗಿ ತಂಡ ಬಿಟ್ಟುಕೊಟ್ಟದ್ದೇನು, ಆಟಗಾರ ಎಷ್ಟು ವರ್ಷ ಮೈದಾನದಲ್ಲಿದ್ದ ಎಂಬ ಮೂರನ್ನೂ ಒಟ್ಟಿಗೆ ನೋಡಬೇಕು. ನ್ಯೂಯಾರ್ಕ್ ಜೆಟ್ಸ್ ತಂಡದ ಚರಿತ್ರೆಯಷ್ಟು ಚೆನ್ನಾಗಿ ಇದನ್ನು ಕಲಿಸುವ ಪಾಠ ನನಗಂತೂ ಬೇರೆ ಕಂಡಿಲ್ಲ.

2007ರಲ್ಲಿ ಜೆಟ್ಸ್ ಕೈಯಲ್ಲಿದ್ದದ್ದು 25ನೇ ಆಯ್ಕೆ, ಅಂದರೆ 25ನೇ ಸರದಿ. ಅದರ ಜೊತೆಗೆ ಎರಡನೇ ಮತ್ತು ಐದನೇ ಸುತ್ತಿನ ಆಯ್ಕೆಗಳನ್ನೂ ಕೆರೊಲಿನಾ ಪ್ಯಾಂಥರ್ಸ್‌ಗೆ ಕೊಟ್ಟು 14ನೇ ಸ್ಥಾನಕ್ಕೆ ಏರಿ ಡರೆಲ್ ರೆವಿಸ್ ಅವರನ್ನು ಪಡೆಯಿತು. ಬೆಲೆ ಸಣ್ಣದೇನಲ್ಲ: ಕೆರೊಲಿನಾ ಆ ಆಯ್ಕೆಗಳಿಂದ ತಂದ ಜಾನ್ ಬೀಸನ್ ಮತ್ತು ರಯಾನ್ ಕೇಲಿಲ್ ಇಬ್ಬರೂ ಹಲವು ಬಾರಿ ಪ್ರೊ ಬೌಲ್‌ಗೆ, ಅಂದರೆ ಲೀಗಿನ ತಾರೆಯರ ಪಂದ್ಯಕ್ಕೆ, ಆಯ್ಕೆಯಾದರು. ಆದರೂ ಜೆಟ್ಸ್ ನಷ್ಟಕ್ಕೊಳಗಾಗಲಿಲ್ಲ. ಎದುರಾಳಿಯ ಅತ್ಯುತ್ತಮ ರಿಸೀವರ್‌ನನ್ನು ರೆವಿಸ್ ಒಬ್ಬರೇ ನೋಡಿಕೊಳ್ಳುತ್ತಿದ್ದುದರಿಂದ ಉಳಿದ ರಕ್ಷಣಾ ಆಟಗಾರರನ್ನು ಕ್ವಾರ್ಟರ್‌ಬ್ಯಾಕ್ ಮೇಲೆ ಛೂ ಬಿಡಲು ಸಾಧ್ಯವಾಯಿತು. 2009 ಮತ್ತು 2010ರ ಋತುಗಳಲ್ಲಿ ತಂಡ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಒಂದೇ ಗೆಲುವು ಬಾಕಿ ಇರುವವರೆಗೆ ತಲುಪಿತು. 2023ರಲ್ಲಿ ರೆವಿಸ್ ಈ ಆಟದ ಶ್ರೇಷ್ಠರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು.

ಇಂಟರ್‌ಸೆಪ್ಷನ್, ಅಂದರೆ ಎದುರಾಳಿಯ ಎಸೆತವನ್ನು ತಾನೇ ಹಿಡಿಯುವುದು, ಈ ಸ್ಥಾನದ ಅಳತೆಗೋಲು ಎಂದು ಬಹಳ ಜನ ನಂಬಿದ್ದಾರೆ. ನಾನು ಒಪ್ಪುವುದಿಲ್ಲ. 2010ರಲ್ಲಿ ರೆವಿಸ್ ಒಂದೂ ಇಂಟರ್‌ಸೆಪ್ಷನ್ ಮಾಡಲಿಲ್ಲ, ಆದರೂ ಆಲ್-ಪ್ರೊ, ಅಂದರೆ ಆ ವರ್ಷ ಪ್ರತಿ ಸ್ಥಾನದಲ್ಲಿ ಅತ್ಯುತ್ತಮರೆನಿಸಿದವರ ಪಟ್ಟಿಯ, ಮೊದಲ ತಂಡದಲ್ಲಿದ್ದರು. ಅವರಿದ್ದ ಕಡೆಗೆ ಚೆಂಡು ಎಸೆಯಲು ಕ್ವಾರ್ಟರ್‌ಬ್ಯಾಕ್‌ಗಳು ಹಿಂಜರಿಯುತ್ತಿದ್ದರು. ಬಾರದ ಚೆಂಡನ್ನು ಹಿಡಿಯುವುದೆಲ್ಲಿಂದ? ಹೊಲಕ್ಕೆ ದನ ನುಗ್ಗಲೇ ಇಲ್ಲವೆಂದು ಕಾವಲುಗಾರನ ಕೂಲಿ ಕಡಿತ ಮಾಡಿದಂತಾಗುತ್ತದೆ ಆ ಲೆಕ್ಕ.

2010ರಲ್ಲಿ 29ನೇ ಆಯ್ಕೆಯಾಗಿ ಬಂದ ಕೈಲ್ ವಿಲ್ಸನ್ ಐದು ಋತು ಆಡಿದರೂ ತಾರೆಯಾಗಲಿಲ್ಲ. ಸುತ್ತಿನ ತುದಿಯ ಆಯ್ಕೆಗೆ ಅದು ಸಾಧಾರಣ ಫಲ, ಅನರ್ಥವಲ್ಲ.

ನೋವು ಕೊಡುವುದು 2013. ಹಿಂದಿನ ಋತುವಿನಲ್ಲಿ ಮೊಣಕಾಲಿನ ಗಾಯಕ್ಕೆ ತುತ್ತಾಗಿದ್ದ ರೆವಿಸ್ ಅವರನ್ನು ಜೆಟ್ಸ್ ಟ್ಯಾಂಪಾ ಬೇ ತಂಡಕ್ಕೆ ಕಳಿಸಿ 13ನೇ ಆಯ್ಕೆ ಪಡೆಯಿತು. ತನ್ನದೇ 9ನೇ ಆಯ್ಕೆಯಲ್ಲಿ ಅಲಬಾಮಾದ ಡೀ ಮಿಲಿನರ್ ಎಂಬ ಕಾರ್ನರ್‌ಬ್ಯಾಕ್‌ನನ್ನು ತಂದಿತು. ಮೊದಲ ತಿಂಗಳುಗಳಲ್ಲಿ ತಡವರಿಸಿದ ಮಿಲಿನರ್, ಡಿಸೆಂಬರ್‌ನಲ್ಲಿ ತಿಂಗಳ ಅತ್ಯುತ್ತಮ ಹೊಸ ರಕ್ಷಣಾ ಆಟಗಾರ ಎನಿಸಿಕೊಂಡರು. ಮರುವರ್ಷ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಮೂರು ಋತುಗಳಲ್ಲಿ ಆಡಿದ್ದು 21 ಪಂದ್ಯ. ಇದನ್ನು ಆರಿಸಿದವರ ದಡ್ಡತನ ಎನ್ನಲು ನನ್ನ ಮನಸ್ಸು ಒಪ್ಪದು. ಫಲ ಕೆಟ್ಟಿತು, ನಿಜ. ಆದರೆ ಆ ದಿನ ಗೊತ್ತಿದ್ದ ಸಂಗತಿಗಳ ಮೇಲೆ ಮಾಡಿದ ನಿರ್ಧಾರವನ್ನು ಮುಂದೆ ಬಂದ ಗಾಯದಿಂದ ಅಳೆಯುವುದು ಅನ್ಯಾಯ. ರೆವಿಸ್ ಬದಲಿಗೆ ಸಿಕ್ಕ 13ನೇ ಆಯ್ಕೆಯಿಂದ ಬಂದ ಶೆಲ್ಡನ್ ರಿಚರ್ಡ್ಸನ್ ಆ ವರ್ಷದ ಅತ್ಯುತ್ತಮ ಹೊಸ ರಕ್ಷಣಾ ಆಟಗಾರರಾದರು ಎಂಬುದನ್ನೂ ಅದೇ ಪುಟದಲ್ಲಿ ಬರೆದುಕೊಳ್ಳಬೇಕು.

2022ರಲ್ಲಿ 4ನೇ ಆಯ್ಕೆಯಾಗಿ ಬಂದ ಸಾಸ್ ಗಾರ್ಡ್ನರ್ ಮೊದಲ ವರ್ಷವೇ ರಿಚರ್ಡ್ಸನ್ ಗೆದ್ದಿದ್ದ ಅದೇ ಪ್ರಶಸ್ತಿ ಗೆದ್ದರು, ಮೊದಲ ಎರಡೂ ವರ್ಷ ಆಲ್-ಪ್ರೊ ಮೊದಲ ತಂಡ ಸೇರಿದರು. ಜೆಟ್ಸ್ ಮಾತ್ರ ಅವರಿದ್ದಷ್ಟು ಕಾಲವೂ ಪ್ಲೇಆಫ್, ಅಂದರೆ ಋತುವಿನ ಕೊನೆಯ ನಾಕೌಟ್ ಹಂತ, ಮುಟ್ಟಲಿಲ್ಲ. ಕಾರ್ನರ್‌ಬ್ಯಾಕ್ ಎಷ್ಟೇ ಸಮರ್ಥನಾದರೂ ಅಂಕ ಗಳಿಸಬೇಕಾದವರು ಬೇರೆ. ಹಾಗಾಗಿ ತಂಡದ ಸೋಲು ಗೆಲುವುಗಳನ್ನು ಈ ಆಯ್ಕೆಯ ತಲೆಗೆ ಕಟ್ಟಬಾರದು.

2025ರ ಜುಲೈನಲ್ಲಿ ಗಾರ್ಡ್ನರ್‌ಗೆ ಭಾರಿ ಮೊತ್ತದ ಹೊಸ ಒಪ್ಪಂದ ಕೊಟ್ಟ ತಂಡ, ನವೆಂಬರ್‌ನಲ್ಲೇ ಅವರನ್ನು ಇಂಡಿಯಾನಾಪೊಲಿಸ್ ಕೋಲ್ಟ್ಸ್‌ಗೆ ಕೊಟ್ಟು ಎರಡು ಮೊದಲ ಸುತ್ತಿನ ಆಯ್ಕೆಗಳನ್ನೂ ಒಬ್ಬ ರಿಸೀವರ್‌ನನ್ನೂ ಪಡೆಯಿತು. ಆಗ ಮುಖ್ಯ ತರಬೇತುದಾರರಾಗಿದ್ದವರು ಆರನ್ ಗ್ಲೆನ್. 1994ರಲ್ಲಿ ಇದೇ ಜೆಟ್ಸ್ 12ನೇ ಆಯ್ಕೆಯಾಗಿ ತಂದಿದ್ದ ಕಾರ್ನರ್‌ಬ್ಯಾಕ್. ಆಟಗಾರ ಹೊರಟ ದಿನಕ್ಕೇ ಗಾರ್ಡ್ನರ್ ಲೆಕ್ಕ ಮುಚ್ಚುವವರಿದ್ದಾರೆ. ಆ ಎರಡು ಆಯ್ಕೆಗಳಿಂದ ಬರುವವರ ಆಟವೂ ಅದೇ ಲೆಕ್ಕಕ್ಕೆ ಸೇರಬೇಕು.