ಗಾಡಿಯ ತಳಕ್ಕೆ ಸ್ಕಿಡ್ ಪ್ಲೇಟ್: ಮನೆಯಂಗಳದಲ್ಲೇ ಕೂರಿಸುವವರಿಗೆ ಟಿಪ್ಪಣಿ

ಮಲೆನಾಡಿನ ತೋಟದ ದಾರಿಗಳಲ್ಲಿ ಎರಡೂ ಗಾಲಿ ಜಾಡು ಆಳಕ್ಕಿಳಿದು ನಡುವೆ ದಿಣ್ಣೆ ಉಳಿಯುತ್ತದೆ. ಮಳೆಗಾಲ ಕಳೆದ ಮೇಲೆ ಆ ದಿಣ್ಣೆಯ ಮಣ್ಣು ಕೊಚ್ಚಿಹೋಗಿ ಕಲ್ಲು ತಲೆ ಎತ್ತಿರುತ್ತದೆ. ಗಾಡಿಯ ತಳದಲ್ಲಿ ಅದರ ಏಟಿಗೆ ಸುಲಭವಾಗಿ ಸಿಗುವುದು ಎಂಜಿನ್ ಆಯಿಲ್ ಚೇಂಬರ್. ಚೇಂಬರ್ ಒಡೆದದ್ದು ತಿಳಿಯದೆ ಮುಂದೆ ಓಡಿಸಿದರೆ ಎಂಜಿನ್ ಸೀಜ್ ಆಗುತ್ತದೆ. ಹಲವು ಗಾಡಿಗಳಲ್ಲಿ ಕಂಪನಿಯಿಂದಲೇ ಬರುವ ಕಪ್ಪು ಪ್ಲಾಸ್ಟಿಕ್ ಕವರ್ ಕೆಸರಿನ ಎರಚಲಿಗೆ ಸಾಕು, ಕಲ್ಲಿಗೆ ಸಾಲದು. ಕಲ್ಲನ್ನು ತಡೆಯಲು ಗಾಡಿಯ ತಳಕ್ಕೆ ಬಿಗಿಯುವ ದಪ್ಪ ಲೋಹದ ತಗಡೇ ಸ್ಕಿಡ್ ಪ್ಲೇಟ್.

ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ: ಪ್ಲೇಟಿನ ಕೆಲಸ ಕಲ್ಲಿನ ಏಟನ್ನು ಚಾಸಿಸ್‌ಗೆ ದಾಟಿಸುವುದು. ಚೇಂಬರ್‌ಗೆ ತಾಗಿಕೊಂಡೇ ಕೂತ ಪ್ಲೇಟ್ ಏಟನ್ನು ನೇರ ಚೇಂಬರ್‌ಗೇ ಕೊಡುತ್ತದೆ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಅಲ್ಲಾಡುತ್ತದೆ, ಪ್ಲೇಟ್ ಚಾಸಿಸ್‌ಗೆ ಬಿಗಿದಿರುತ್ತದೆ. ಆದ್ದರಿಂದ ಎರಡರ ನಡುವೆ ಜಾಗ ಬೇಕೇ ಬೇಕು. ಚೇಂಬರ್‌ಗೆ 15ರಿಂದ 20 ಮಿಲಿಮೀಟರ್, ಸೈಲೆನ್ಸರ್ ಪೈಪಿಗೆ ಕನಿಷ್ಠ 25 ಇರಲಿ.

ಇಲ್ಲಿ ಹೇಳುತ್ತಿರುವುದು ಥಾರ್, ಜಿಮ್ನಿಯಂತಹ ಏಣಿ ಚಾಸಿಸ್ (ಬಾಡಿಯ ಕೆಳಗೆ ಏಣಿಯಾಕಾರದ ಪ್ರತ್ಯೇಕ ಉಕ್ಕಿನ ಚೌಕಟ್ಟು) ಇರುವ ಗಾಡಿಗಳಿಗೆ. ಮಾನೋಕಾಕ್ ಗಾಡಿಯಾದರೆ, ಅಂದರೆ ಬೇರೆ ಚಾಸಿಸ್ ಇಲ್ಲದೆ ಬಾಡಿಯೇ ಭಾರ ಹೊರುವಂಥದ್ದಾದರೆ, ಎಂಜಿನ್ ಹೊರುವ ಚೌಕಟ್ಟಾದ ಸಬ್‌ಫ್ರೇಮ್‌ನಲ್ಲಿ ಗಟ್ಟಿ ತೂತು ಸಿಕ್ಕರೆ ಮಾತ್ರ ಕೈಹಾಕಿ. ಫ್ಲೋರ್ ತಗಡಿಗೆ ರಿವೆಟ್ ನಟ್ (ತಗಡಿನ ತೂತಿಗೆ ಒತ್ತಿ ಕೂರಿಸುವ ನಟ್) ಹೊಡೆದು ಪ್ಲೇಟ್ ನೇತುಹಾಕಿದರೆ ಮೊದಲ ಗಟ್ಟಿ ಏಟಿಗೇ ತಗಡು ಹರಿದು ಬರುತ್ತದೆ.

ಉಕ್ಕೋ ಅಲ್ಯೂಮಿನಿಯಮ್ಮೋ? 70 ಸೆಂಟಿಮೀಟರ್ ಉದ್ದ, 60 ಅಗಲದ ಪ್ಲೇಟನ್ನೇ ತೆಗೆದುಕೊಳ್ಳಿ. 3 ಮಿಲಿಮೀಟರ್ ಉಕ್ಕಿನದಾದರೆ ಸುಮಾರು 10 ಕಿಲೋ, 5 ಮಿಲಿಮೀಟರ್ ಅಲ್ಯೂಮಿನಿಯಮ್ ಆದರೆ 6 ಕಿಲೋಗಿಂತ ಕಡಿಮೆ. ಅಲ್ಯೂಮಿನಿಯಮ್ಮಿನ ಬಿಗುಪು (ಬಾಗದೆ ನಿಲ್ಲುವ ಗುಣ) ಉಕ್ಕಿನ ಮೂರನೇ ಒಂದರಷ್ಟು ಮಾತ್ರ, ಆದರೆ ಬಾಗುವಿಕೆಯ ಲೆಕ್ಕದಲ್ಲಿ ದಪ್ಪದ ಘನ (ದಪ್ಪ × ದಪ್ಪ × ದಪ್ಪ) ಸೇರುತ್ತದೆ. ಹಾಗಾಗಿ 5 ಮಿಲಿಮೀಟರಿನ ಅಲ್ಯೂಮಿನಿಯಮ್ 3ರ ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಬಿಗಿ, 4 ಮಿಲಿಮೀಟರಿನದು ಅದೇ ಉಕ್ಕಿಗಿಂತ ಸಡಿಲ. ತೂಕ ಉಳಿಸಲು ಹೋಗಿ 4ಕ್ಕೆ ಇಳಿಯಬೇಡಿ. ಇನ್ನೊಂದು ವ್ಯತ್ಯಾಸ ಬಂಡೆಯ ಮೇಲೆ ಕಾಣುತ್ತದೆ: ಉಕ್ಕು ಜಾರುತ್ತದೆ, ಮೆತ್ತಗಿನ ಅಲ್ಯೂಮಿನಿಯಮ್ ಗೀರುಬಿದ್ದು ಬಂಡೆಗೆ ಕಚ್ಚಿಕೊಳ್ಳುತ್ತದೆ. ಬರಿಯ ತೋಟದ ದಾರಿಗೆ ಅಲ್ಯೂಮಿನಿಯಮ್ ಒಳ್ಳೆಯದು, ಬಂಡೆ ಏರುವವರಿಗೆ ಉಕ್ಕೇ ಸರಿ.

ಕೆಲಸ ಶುರುಮಾಡುವ ಮುನ್ನ ಗಾಡಿ ಪೂರ್ತಿ ತಣ್ಣಗಾಗಲಿ. ಸಮತಟ್ಟಾದ ಸಿಮೆಂಟ್ ನೆಲ ಬೇಕು. ಮಣ್ಣಿನ ಅಂಗಳವಾದರೆ ಸ್ಟ್ಯಾಂಡ್ ಕೆಳಗೆ ದಪ್ಪ ಹಲಗೆ ಹಾಕಿ. ಹ್ಯಾಂಡ್‌ಬ್ರೇಕ್ ಎಳೆದು, ಗೇರ್‌ನಲ್ಲಿಟ್ಟು, ಹಿಂದಿನ ಗಾಲಿಗಳಿಗೆ ಎರಡೂ ಕಡೆ ಅಡೆ ಕೊಡಿ. ಮುಂಭಾಗ ಎತ್ತಿ ಚಾಸಿಸ್ ಕೆಳಗೆ ಎರಡು ಜಾಕ್ ಸ್ಟ್ಯಾಂಡ್ ನಿಲ್ಲಿಸಿ, ಗಾಡಿಯನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿದ ಮೇಲೆಯೇ ತಲೆ ಒಳಗೆ ಹಾಕಿ. ಬರೀ ಜಾಕ್ ನಂಬಿ, ಇಟ್ಟಿಗೆ ನಂಬಿ ಯಾರೂ ಒಳಗೆ ನುಗ್ಗಬಾರದು. ಪಕ್ಕದಲ್ಲಿ ಇನ್ನೊಬ್ಬರು ಇರಲಿ.

ಪ್ಲಾಸ್ಟಿಕ್ ಕವರ್ ಬಿಚ್ಚಿದರೆ ಚಾಸಿಸ್‌ನ ತೂತುಗಳು ಕಾಣುತ್ತವೆ. ಅದರೊಳಗಿನ ನಟ್‌ನಲ್ಲಿ ವರ್ಷಗಳ ಕೆಸರು ಒಣಗಿ ಕೂತಿರುತ್ತದೆ. ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ, ತಂತಿ ಬ್ರಷ್ ಹಾಕಿ, ಆಮೇಲೆ ಬೋಲ್ಟನ್ನು ಬೆರಳಲ್ಲೇ ತಿರುಗಿಸಿ. ಮೂರ್ನಾಲ್ಕು ಸುತ್ತು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ನಿಲ್ಲಿಸಿ: ಎಂ10 (10 ಮಿಲಿಮೀಟರ್ ದಪ್ಪದ) ಬೋಲ್ಟಿನಲ್ಲಿ ಸಾಮಾನ್ಯವಾಗಿ 1.25 ಮತ್ತು 1.5 ಮಿಲಿಮೀಟರ್ ಎಂದು ಎರಡು ಪಿಚ್ (ಥ್ರೆಡ್ಡಿನ ಸುತ್ತುಗಳ ನಡುವಿನ ದೂರ) ಸಿಗುತ್ತವೆ, ನೋಡಲು ಒಂದೇ ಥರ. ತಪ್ಪು ಪಿಚ್ಚಿನದಕ್ಕೆ ಸ್ಪ್ಯಾನರ್ ಹಾಕಿದರೆ ಚಾಸಿಸ್ ಒಳಗಿನ ನಟ್‌ನ ಥ್ರೆಡ್ಡೇ ಹೋಗುತ್ತದೆ, ಅದನ್ನು ಸರಿಮಾಡುವುದು ಪ್ಲೇಟ್ ಕೂರಿಸುವುದಕ್ಕಿಂತ ದೊಡ್ಡ ಕೆಲಸ.

ಈಗ ಜಾಗ ಅಳೆಯುವುದು. ಚಪಾತಿ ಹಿಟ್ಟಿನ ಮೂರು ಉಂಡೆ ಮಾಡಿ, ಪ್ಲೇಟಿನ ಮೇಲ್ಮುಖದಲ್ಲಿ ಚೇಂಬರ್ ಬರುವ ಕಡೆ ಅಂಟಿಸಿ. ಟ್ರಾಲಿ ಜಾಕಿನ ಮೇಲೆ ಮರದ ತುಂಡಿಟ್ಟು ಪ್ಲೇಟನ್ನು ಎತ್ತಿ, ಎಲ್ಲ ಬೋಲ್ಟನ್ನೂ ಕೈಯಲ್ಲೇ ಹಿಡಿಸಿ, ಹಗುರವಾಗಿ ಬಿಗಿದು ಮತ್ತೆ ಇಳಿಸಿ. ಉಂಡೆ ಚಪ್ಪಟೆಯಾಗಿ ಉಳಿದ ದಪ್ಪವೇ ನಿಮ್ಮ ಜಾಗ. 8 ಮಿಲಿಮೀಟರ್ ಬಂತು ಅಂದರೆ ಪ್ರತಿ ಬೋಲ್ಟಿಗೂ 10 ಮಿಲಿಮೀಟರಿನ ಉಕ್ಕಿನ ಬುಷ್ (ಬೋಲ್ಟ್ ಒಳಗೆ ತೂರುವ ಕೊಳವೆ ತುಂಡು) ಹಾಕಿ, ಬೋಲ್ಟ್ ಕೂಡ ಹಳೆಯದಕ್ಕಿಂತ 10 ಮಿಲಿಮೀಟರ್ ಹೆಚ್ಚು ಉದ್ದದ್ದು ತನ್ನಿ. ಇದನ್ನು ಮರೆತು ಹಳೆಯ ಬೋಲ್ಟನ್ನೇ ಹಾಕಿದರೆ ನಟ್‌ನೊಳಗೆ ಕೆಲವೇ ಸುತ್ತು ಹಿಡಿದಿರುತ್ತದೆ. ಎಂ10 ಬೋಲ್ಟ್ ಕನಿಷ್ಠ 10 ಮಿಲಿಮೀಟರ್ ಒಳಗೆ ಹೋಗಿರಬೇಕು.

ಬಿಗಿಯುವಾಗ ಒಂದೇ ಮೂಲೆಯನ್ನು ಪೂರ್ತಿ ಬಿಗಿದು ಮುಂದಿನದಕ್ಕೆ ಹೋಗಬೇಡಿ, ಉಳಿದ ತೂತುಗಳು ಸರಿದುಬಿಡುತ್ತವೆ. ಎಲ್ಲವೂ ಹಿಡಿದ ಮೇಲೆ ಎದುರುಬದುರಾಗಿ ಬಿಗಿಯಿರಿ. ತಲೆಯ ಮೇಲೆ ಬಲದ ದರ್ಜೆ 8.8 ಎಂದು ಒತ್ತಿರುವ ಬೋಲ್ಟ್ ಬಳಸಿ. ಪ್ಲೇಟಿನ ಜೊತೆ ಟಾರ್ಕ್ (ತಿರುಗಿಸಿ ಬಿಗಿಯುವ ಬಲ) ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಇಲ್ಲದಿದ್ದರೆ ಎಂ8ಕ್ಕೆ ಸುಮಾರು 25, ಎಂ10ಕ್ಕೆ 45 ನ್ಯೂಟನ್ ಮೀಟರ್. ನೀಲಿ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಸಾಕು. ಕೆಂಪು ಹಾಕಿದರೆ ಮುಂದೆ ಬಿಚ್ಚಲು ಬೆಂಕಿ ಬೇಕಾಗುತ್ತದೆ.

ಎಂಜಿನ್‌ಗೊಂದು, ಗೇರ್‌ಬಾಕ್ಸಿಗೊಂದು ಪ್ಲೇಟ್ ಇದ್ದಾಗ ಹೊಂದಿಕೆ ಹೆಂಚಿನ ಥರ ಇರಬೇಕು. ಮುಂದಿನ ಪ್ಲೇಟಿನ ಹಿಂಬದಿ ಅಂಚು ಹಿಂದಿನ ಪ್ಲೇಟಿನ ಮುಂಬದಿ ಅಂಚಿನ ಕೆಳಗೆ ಬರಲಿ. ಆಗ ಕಲ್ಲು ಒಂದರಿಂದ ಇನ್ನೊಂದಕ್ಕೆ ಜಾರಿ ಹೋಗುತ್ತದೆ. ತಿರುವುಮುರುವಾದರೆ ಆ ಅಂಚು ನೇಗಿಲಿನ ಹಾಗೆ ಕಲ್ಲಿಗೆ ಸಿಕ್ಕಿ ಬೋಲ್ಟನ್ನೇ ಕಿತ್ತು ತರುತ್ತದೆ.

ಆಯಿಲ್ ಬದಲಿಸುವ ತೂತನ್ನು ನೋಡಿಯೇ ಪ್ಲೇಟ್ ಕೊಳ್ಳಿ. ಹಲವು ಎಂಜಿನ್‌ಗಳಲ್ಲಿ ಡ್ರೇನ್ ಬೋಲ್ಟ್ ಓರೆಯಾಗಿರುತ್ತದೆ. ಬಿಸಿ ಆಯಿಲ್ ನೇರ ಕೆಳಗೆ ಬೀಳದೆ ಚಿಮ್ಮಿ ಒಂದು ಗೇಣು ಆಚೆ ಬೀಳುತ್ತದೆ. ತೂತು ಬೋಲ್ಟಿನ ನೇರಕ್ಕೆ ಮಾತ್ರ ಇದ್ದರೆ ಪ್ಲೇಟಿನ ಮೇಲೆಲ್ಲ ಆಯಿಲ್ ಹರಡಿ ವಾರಗಟ್ಟಲೆ ತೊಟ್ಟಿಕ್ಕುತ್ತದೆ, ನಿಜವಾದ ಸೋರಿಕೆ ಯಾವುದೆಂದು ಗುರುತೇ ಸಿಗುವುದಿಲ್ಲ.

ಮುಗಿದ ಮೇಲೆ ಎಂಜಿನ್ ಶುರುಮಾಡಿ ಮೆಲ್ಲಗೆ ಆಕ್ಸಿಲರೇಟರ್ ಕೊಡಿ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಗರ್ ಎಂದು ಸದ್ದು ಬಂದರೆ ಪ್ಲೇಟ್ ಎಲ್ಲೋ ತಾಗುತ್ತಿದೆ, ಹೆಚ್ಚಾಗಿ ಸೈಲೆನ್ಸರ್ ಬ್ರಾಕೆಟ್‌ಗೆ. 100 ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟಿಗೂ ಟಾರ್ಕ್ ರೆಂಚ್ ಹಿಡಿದು ನೋಡಿ, ಬೋಲ್ಟಿನಿಂದ ಪ್ಲೇಟಿನ ಮೇಲಕ್ಕೆ ಬಿಳಿ ಬಣ್ಣದ ಗೆರೆ ಎಳೆದಿಡಿ. ಬೋಲ್ಟ್ ಸಡಿಲವಾಗಿ ತಿರುಗಿದರೆ ಗೆರೆ ತಪ್ಪುತ್ತದೆ. ಕಾರವಾರ, ಮಂಗಳೂರಿನ ಕಡೆಯವರು ಅಲ್ಯೂಮಿನಿಯಮ್ ಪ್ಲೇಟಿಗೆ ಉಕ್ಕಿನ ಬೋಲ್ಟ್ ತಾಗುವಲ್ಲಿ ಗ್ರೀಸ್ ಹಚ್ಚಲೇಬೇಕು, ಉಪ್ಪುಗಾಳಿಗೆ ಆ ಜಾಗವೇ ಮೊದಲು ಬಿಳಿ ಪುಡಿಯಾಗಿ ಸವೆಯುತ್ತದೆ.

ಪ್ಲೇಟಿನ ಮೇಲೆ ಏನು ಕೂತಿದೆ ಎಂದು ಆಗಾಗ ಟಾರ್ಚ್ ಹಾಕಿ ನೋಡಿ. ಒಣ ಹುಲ್ಲು, ತರಗೆಲೆ ಅಲ್ಲಿ ಗೂಡು ಕಟ್ಟಿರುತ್ತದೆ. ಡಿಪಿಎಫ್ (ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್) ಇರುವ ಡೀಸೆಲ್ ಗಾಡಿಯಲ್ಲಿ ಮಸಿ ಸುಡುವ ಹೊತ್ತಿಗೆ ಅದರೊಳಗಿನ ಬಿಸಿ ಸುಮಾರು 600 ಡಿಗ್ರಿಗೆ ಏರುತ್ತದೆ, ಹುಲ್ಲು ಅದರ ಪಕ್ಕದಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಹುಲ್ಲುಗಾವಲು ದಾಟಿ ಬಂದ ದಿನವೇ ಗಾಡಿ ತಣಿದ ಮೇಲೆ ಕೈಹಾಕಿ ತೆಗೆಯಿರಿ. ಆಗಲೇ ಬೋಲ್ಟ್ ತಲೆಗಳನ್ನೂ ನೋಡಿ: ಕಲ್ಲಿಗೆ ಉಜ್ಜಿ ಆರು ಮೂಲೆ ಸವೆದು ದುಂಡಗಾಗುತ್ತಿದ್ದರೆ, ಸಾಕೆಟ್ ಇನ್ನೂ ಹಿಡಿಯುತ್ತಿರುವಾಗಲೇ ಬದಲಿಸಿ. ಅದೇ ಉದ್ದ, ಅದೇ ಪಿಚ್ಚಿನ ನಾಲ್ಕು ಬೋಲ್ಟ್ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಇರಲಿ.